ಬೆರಳಿಗೆ ತಿಳಿಯುವ ಭಾರ

ಅದಿರಿಗೆ ಚಿನ್ನದ ಬೆಲೆ ಬಂದ ಕಾಲದಲ್ಲಿ ಸಂಡೂರಿನ ನಮ್ಮ ಗಣಿ ಮಾಲೀಕರು ತೋಟದ ಬದಿಗೆ ಹುಲ್ಲು ಬೆಳೆಸಿ, ಕಚೇರಿಯ ನಮಗೆಲ್ಲ ಗಾಲ್ಫ್ ಕಲಿಸಲು ಒಬ್ಬ ಮೇಷ್ಟ್ರನ್ನು ಇಟ್ಟಿದ್ದರು. ಹೊಸಪೇಟೆಯವರು. ಕೆಂಪು ಧೂಳಿನ ಆ ಊರಿನಲ್ಲೂ ಬಿಳಿ ಅಂಗಿಯನ್ನೇ ತೊಡುತ್ತಿದ್ದರು. ಕೋಲನ್ನು ಬಿಗಿಯಾಗಿ ಹಿಡಿದವರ ಮಣಿಕಟ್ಟು ಮೆಲ್ಲಗೆ ತಟ್ಟಿ, "ಗಟ್ಟಿ ಹಿಡಿಬ್ಯಾಡ್ರಿ. ಬೀಸೂವಾಗ ಕೋಲಿನ ತಲಿ ಭಾರ ಬೆರಳಿಗೆ ತಿಳಿಬೇಕು," ಎನ್ನುತ್ತಿದ್ದರು. ತಾವು ಮಾತ್ರ ಎಂದೂ ಬೀಸಿ ತೋರಿಸುತ್ತಿರಲಿಲ್ಲ.

ಒಂದು ಭಾನುವಾರ ಮಾಲೀಕರು ಅತಿಥಿಗಳ ಎದುರು, "ಮೇಷ್ಟ್ರೇ, ನೀವೊಂದು ಹೊಡದು ತೋರಸ್ರಿ," ಎಂದರು. ಮೇಷ್ಟ್ರು ತಡೆದು ನಿಂತು, ಕೊನೆಗೆ ಬೀಸಿದರು. ಚೆಂಡು ಅಲ್ಲೇ ಉಳಿಯಿತು. ಕೋಲು ಕೈಜಾರಿ ಹಾರಿ ಅತಿಥಿಗಳ ಕಾಲ ಬಳಿ ಬಿತ್ತು. ಯಾರೋ ನಕ್ಕರು.

ಕೋಲು ಎತ್ತಿಕೊಟ್ಟ ನನಗಷ್ಟೇ ಕೇಳುವಂತೆ ಅವರು ಹೇಳಿದರು: "ಸಕ್ರಿ ಕಾಯ್ಲೆ ಐತ್ರಿ. ಬೆರಳು ಜೋಮು ಹಿಡದು ಭಾಳ ದಿನ ಆತು. ನನಗ ತಿಳೀಲಾರದ್ದನ್ನ ನಿಮಗ ಕಲಿಸ್ಕೋತ ಬಂದೆ."

"ಇರ್ಲಿ ಬಿಡ್ರಿ, ನಮಗ ಬಂತಲ್ಲ," ಎಂದೆ. ಅವರು ತಲೆ ಎತ್ತಲಿಲ್ಲ.

ಸಂಜೆ ಅವರನ್ನು ಬಸ್ಸಿಗೆ ಬಿಡಲು ಹೋದೆ. ಇನ್ನು ಬರುವುದಿಲ್ಲ ಎಂದು ಮಾಲೀಕರಿಗೆ ಹೇಳಿಬಿಟ್ಟಿದ್ದರು. ನಾನು ಕುಲುಕಲು ಕೈ ಚಾಚಿದೆ. "ಬರ್ತೀನ್ರಿ," ಎಂದರು ಅವರು, ಎರಡೂ ಕೈಗಳನ್ನು ಜೇಬಿನಿಂದ ಹೊರಗೆ ತೆಗೆಯದೆ.