ರಂಗಮ್ಮಾಂಟಿಯ ನೀರಿನ ಮಾತ್ರೆ

ರಂಗಮ್ಮಾಂಟಿ ಕೂತು ಮಾತಾಡಿದ್ದನ್ನು ನಾನು ನೋಡಿರಲೇ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಮೂರು ಮಹಡಿಯ ಬಾಡಿಗೆದಾರರನ್ನೂ ನಿಂತೇ ವಿಚಾರಿಸುತ್ತಿದ್ದರು. ನಮ್ಮ ಕುಮಾರಸ್ವಾಮಿ ಲೇಔಟ್ ಇನ್ನೂ ರಾಗಿ ಹೊಲವಾಗಿದ್ದಾಗ ಅಲ್ಲಿ ಕಳೆ ಕಿತ್ತವರು. ಗದಗದಿಂದ ಬಾಡಿಗೆಗೆ ಬಂದ ನನ್ನನ್ನು ಮೊದಲ ದಿನವೇ ಒಳಗೆ ಕರೆದು, ಒಬ್ಬಳಿಗೆ ಏನು ಬೇಯಿಸ್ಕೋತೀಯ ಎಂದು ಸೊಪ್ಪಿನ ಸಾರು ಬಡಿಸಿದ್ದರು.

ಬಿಪಿಗೆಂದು ಡಾಕ್ಟರು ದಿನಕ್ಕೊಂದು ನೀರಿನ ಮಾತ್ರೆ ಬರೆದಿದ್ದರು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಕಳಿಸುವಂಥದ್ದು. ಕಾಲಿನ ಊತ ಇಳಿದದ್ದು ಕಂಡು ಆಂಟಿ ತಾವೇ ಎರಡು ಮಾಡಿಕೊಂಡರು, ಆಮೇಲೆ ಮೂರು. ಮಗನಿಗೆ ಹೇಳಿದರೆ ಬೈತಾನೆಂದು ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ನನ್ನ ಕೈಗೆ ಕೊಡುತ್ತಿದ್ದರು. ಆಫೀಸಿನಿಂದ ಬರುವಾಗ ಹೊಸದು ತಂದುಕೊಡುತ್ತಿದ್ದೆ. ಮೀನಖಂಡ ಹಿಡ್ಕೊಳ್ತೈತೆ, ಎದೆ ಒಂದೊಂದು ಸಲ ತಪ್ಪಿ ಹೊಡೀತೈತೆ ಎಂದಾಗಲೂ ತಂದುಕೊಟ್ಟೆ.

ಒಂದು ಬೆಳಗ್ಗೆ ಮೆಟ್ಟಿಲ ಮಧ್ಯೆ ಕೂತುಬಿಟ್ಟಿದ್ದರು. "ಕಾಲು ನಂದೇ ಅಲ್ಲ ಅನ್ನಂಗೈತೆ ಕಣಮ್ಮ," ಎಂದರು ಮೆಲ್ಲಗೆ. ಅವರ ಮಗ ಕೃಷ್ಣಣ್ಣನೂ ನಾನೂ ಆಟೋದಲ್ಲಿ ಕರೆದೊಯ್ದು ಜಯನಗರದ ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ನೀರಿನ ಜೊತೆ ಅದೂ ಹೋಗಿಬಿಡುತ್ತೆ, ಅದಿಲ್ಲದಿದ್ದರೆ ಕೈಕಾಲು ಸೋಲುತ್ತವೆ, ಹೃದಯದ ಬಡಿತವೇ ತಪ್ಪಬಹುದು ಎಂದರು ಡಾಕ್ಟರು. ಎದೆಗೆ ವೈರು ಅಂಟಿಸಿ, ನಿಧಾನವಾಗಿ ಡ್ರಿಪ್ ಬಿಟ್ಟರು. ಡ್ರಿಪ್ ಏರಿದ ಕೈ ಉರಿಯುತ್ತಿದ್ದರೂ ಆಂಟಿ ಅದನ್ನು ಅಲುಗಿಸದೆ ಮಲಗಿದ್ದರು. ಅಷ್ಟೊಂದು ಮಾತ್ರೆ ಯಾರು ತಂದುಕೊಟ್ಟರು ಎಂದು ಡಾಕ್ಟರು ಕೇಳಿದಾಗ, ನನ್ನ ಕಡೆ ನೋಡದೆ ಹೇಳಿದರು: "ನಾನೇ ತಂದ್ಕೊಂಡೆ ಸಾರ್."

ಐದನೇ ದಿನ ಮನೆಗೆ ಬಂದರು. ನೀರಿನ ಮಾತ್ರೆ ನಿಂತಿತು. ಬೇರೆ ಬಿಪಿ ಮಾತ್ರೆ, ಊಟದ ಮೇಲೆ ನೀರಲ್ಲಿ ಬೆರೆಸಿದ ಪೊಟ್ಯಾಸಿಯಂ ಸಿರಪ್, ವಾರಕ್ಕೊಮ್ಮೆ ರಕ್ತಪರೀಕ್ಷೆ. ಎರಡು ವಾರ ಸರಿಯಾಗಿ ನಡೆಯಿತು. ಆಮೇಲೆ ಸಿರಪ್ ವಾಕರಿಕೆ ಬರಿಸುತ್ತೆ, ಎಳನೀರೇ ಸಾಕು ಅನ್ನತೊಡಗಿದರು. ಇಷ್ಟು ಕೊರತೆ ಎಳನೀರಿಂದ ತುಂಬೋದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ನಕ್ಕರು. ಕಾಲು ಮತ್ತೆ ಊದಿತ್ತು.

ಹಬ್ಬಕ್ಕೆ ನಾನು ಊರಿಗೆ ಹೊರಟ ದಿನ ನಿಧಾನವಾಗಿ ಗೇಟಿನವರೆಗೆ ಬಂದರು. ಸೀರೆ ತುಸು ಎತ್ತಿ ಪಾದ ತೋರಿಸಿದರು. ಊತವೇ ಇರಲಿಲ್ಲ.

"ಮತ್ತೆ ನೀರಿನ ಮಾತ್ರೆ ಯಾರ ಕೈಲಿ ತರಿಸಿದ್ರಿ, ಆಂಟಿ?" ಎಂದೆ.

"ಬಸ್ಸು ಹೊಂಟೋಯ್ತದೆ, ನಡಿ."

ಬಸ್ಸಿನಲ್ಲಿ ಕೃಷ್ಣಣ್ಣನ ನಂಬರನ್ನು ಎರಡು ಸಲ ಫೋನಿನಲ್ಲಿ ತೆರೆದೆ. ಡಾಕ್ಟರ ಮುಂದೆ ನನ್ನನ್ನು ಬಿಟ್ಟುಕೊಡದವರ ಗುಟ್ಟನ್ನು ನಾನು ಹೇಗೆ ಹೇಳಲಿ ಎಂದು ಫೋನನ್ನು ಬ್ಯಾಗಿಗೆ ಹಾಕಿದೆ.

ಮೂರನೇ ದಿನ ಕೃಷ್ಣಣ್ಣನೇ ಫೋನ್ ಮಾಡಿದರು. ಅಮ್ಮ ಬೆಳಗ್ಗೆ ಅಡುಗೆಮನೆಯಲ್ಲಿ ಕುಸಿದರು, ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು ಎಂದರು.

"ದಿಂಬಿನ ಕೆಳಗೆ ಆ ನೀರಿನ ಮಾತ್ರೆ ಸ್ಟ್ರಿಪ್ಪು ಸಿಕ್ತು. ನಿಂಗೇನಾದ್ರೂ ಗೊತ್ತಿತ್ತಾ?"