ಕುಂಬಾರನ ಖಾಲಿ ಬಂಡಿ

ಈ ಅಂಕಣದಲ್ಲಿ ಊರವರ ತಪ್ಪುಗಳನ್ನೆಲ್ಲ ಬರೆದಿದ್ದೇನೆ. ನನ್ನದೊಂದನ್ನು ಮಾತ್ರ ಪ್ರತಿ ವಾರ ಮುಂದಿನ ವಾರಕ್ಕೆ ತಳ್ಳುತ್ತ ಬಂದೆ. ಈಗ ತಳ್ಳಲು ಹೆಚ್ಚು ವಾರಗಳು ಉಳಿದಿಲ್ಲ.

ನಿಜಾಮರ ಕಾಲ. ನಾನು ಭಾಲ್ಕಿಯಲ್ಲಿ ಇಂಗ್ಲಿಷ್ ಮಾಸ್ತರ. ಓದಿದ್ದು ಹೈಸ್ಕೂಲ್, ಹಮ್ಮು ಮಾತ್ರ ಬಿ.ಎ. ದಾಟಿತ್ತು. ಹಳ್ಳಿ ಮಾಸ್ತರರಿಗೆ ಬೀದರಿನಲ್ಲಿ ಇಂಗ್ಲಿಷ್ ಪರೀಕ್ಷೆ ಇಟ್ಟರು. ಪಾಸಾದರೆ ನೌಕರಿ ಕಾಯಂ, ಫೇಲಾದರೆ ಮನೆಗೆ. ಪೇಪರ್ ತೆಗೆಯುವ, ತಿದ್ದುವ ಎರಡೂ ಕೆಲಸ ನನಗೇ ಬಂತು. (ಇಂಗ್ಲಿಷ್ ಬಲ್ಲವರು ಸಿಗುತ್ತಿದ್ದದ್ದೇ ಅಷ್ಟು.)

ನಾನೇ ಒಂದು ಪ್ಯಾಸೇಜ್ ಬರೆದೆ. ಕುಂಬಾರನೊಬ್ಬ ಬಂಡಿ ತುಂಬ ಗಡಿಗೆ ಹೇರಿಕೊಂಡು ಸಂತೆಗೆ ಹೊರಡುತ್ತಾನೆ. ಸಂಜೆ ಖಾಲಿ ಬಂಡಿಯೊಂದಿಗೆ ಮನೆಗೆ ಬರುತ್ತಾನೆ. ಕೆಳಗೆ ಹತ್ತು ವಾಕ್ಯ. ಪ್ಯಾಸೇಜ್ ಓದಿ ಒಂದೊಂದರ ಮುಂದೆಯೂ ಟ್ರೂ ಇಲ್ಲವೇ ಫಾಲ್ಸ್ ಬರೆಯಬೇಕು. ಏಳನೆಯದು: ಕುಂಬಾರ ಗಡಿಗೆಗಳನ್ನೆಲ್ಲ ಮಾರಿದ. ಟ್ರೂ. ಇದರಲ್ಲಿ ಯೋಚಿಸುವುದೇನಿದೆ?

ಔರಾದ ಕಡೆಯ ಒಬ್ಬರು ಫಾಲ್ಸ್ ಬರೆದಿದ್ದರು. ತಪ್ಪು ಹಾಕಿದೆ. ಅದೊಂದೇ ಮಾರ್ಕಿಗೆ ಅವರು ಫೇಲು.

ಮಧ್ಯಾಹ್ನ ರಿಸಲ್ಟ್ ಓದಿದಾಗ ನನ್ನ ಮೇಜಿನ ಬಳಿ ಬಂದು ನಿಂತರು.

"ಸರ, ಮಾರಿದ ಅಂತ ಎಲ್ಲಿ ಬರದದರಿ?"

"ಬಂಡಿ ಖಾಲಿ ಇತ್ತಲ್ರಿ. ಗಡಿಗಿ ಏನು ತಾವೇ ನಡಕೋತ ಹೋದ್ವೇನು?"

ಸುತ್ತಲಿನವರು ನಕ್ಕರು. ಔರಾದ ಕಡೆಯವರು ನಗಲಿಲ್ಲ.

"ನಾವು ಕುಂಬಾರ್ರು ರಿ. ನಮ್ಮಪ್ಪ ಎಷ್ಟೋ ಸಲ ಖಾಲಿ ಬಂಡಿ ಹೊಡ್ಕೊಂಡು ಬಂದಾನ. ಔರಾದ ರಸ್ತಾ ನೋಡೀರೇನ್ರಿ? ಒಂದು ಕಲ್ಲಿಗಿ ಗಾಲಿ ಏರಿದ್ರ ಸಾಕು, ಎಲ್ಲಾ ಚೂರು. ಬರೀಲಾರದ್ದನ್ನ ಖರೇ ಅಂತ ಹ್ಯಾಂಗ ಹೇಳ್ಲಿರಿ?"

ನಾನು ಪ್ಯಾಸೇಜ್ ಮತ್ತೆ ಓದಿದೆ. ಮಾರಿದ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಅದು ಇದ್ದದ್ದು ನನ್ನ ತಲೆಯಲ್ಲಿ.

ಒಳಗಿನ ಕೋಣೆಯಿಂದ, ಪರೀಕ್ಷೆ ನಡೆಸುತ್ತಿದ್ದ ಇಲಾಖೆಯ ಸಾಹೇಬರು ಕೇಳಿದರು: "ಕ್ಯಾ ಹೈ ಮಾಸ್ಟರ್? ಕುಛ್ ಶಕ್ ಹೈ?"

ಹೌದು, ಅನುಮಾನವಿದೆ ಎಂದಿದ್ದರೆ ಸಾಕಿತ್ತು, ಅವರು ಪಾಸಾಗುತ್ತಿದ್ದರು. ಆದರೆ ನಕ್ಕವರು ಇನ್ನೂ ಅಲ್ಲೇ ಕುಳಿತಿದ್ದರು. ನಾನು ತೆಗೆದ ಮೊದಲ ಪೇಪರೇ ತಪ್ಪು ಎಂದು ಅವರೆದುರು ಹೇಳುವುದೇ?

"ಕುಛ್ ನಹೀಂ, ಸಾಹೇಬ್."

ಔರಾದ ಕಡೆಯವರು ಕೈಮುಗಿದು ಹೋದರು. ಅವರ ಹಳ್ಳಿಗೆ ಬೇರೆ ಮಾಸ್ತರ ಹೋಗಲಿಲ್ಲ. ಶಾಲೆ ಮುಚ್ಚಿತು.

ಎಷ್ಟೋ ವರ್ಷದ ಮೇಲೆ ಕಮಲನಗರದ ಸಂತೆಯಲ್ಲಿ ಕಂಡರು. ಗಡಿಗೆಗಳ ನಡುವೆ ಕುಳಿತಿದ್ದರು. ನನ್ನ ಗುರುತು ಹಿಡಿದರು. "ಬರ್ರಿ ಸರ. ಹಂಗೇ ತಗೋಬ್ಯಾಡ್ರಿ, ತಟ್ಟಿ ನೋಡ್ರಿ" ಎಂದರು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದಿದ್ದರೆ ಎಷ್ಟು ಹಗುರಾಗುತ್ತಿತ್ತು! ತಪ್ಪಾಯಿತು ಎನ್ನುವ ಮಾತು ನಾಲಿಗೆಯವರೆಗೆ ಬಂತು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಂದೆ. (ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.)

ಅವರು ತೀರಿಕೊಂಡು ಬಹಳ ಕಾಲವಾಯಿತು. ಇದನ್ನು ಓದಲು ಅವರಿಲ್ಲ. ಹಾಗಾಗಿ ಇದು ಕ್ಷಮೆ ಕೇಳಿದಂತೆಯೂ ಅಲ್ಲ. ನನ್ನ ಪ್ಯಾಸೇಜನ್ನು ಆ ದಿನ ಸರಿಯಾಗಿ ಓದಿದವರು ಒಬ್ಬರೇ: ಔರಾದ ಕಡೆಯ ಮಾಣಿಕಪ್ಪ ಮಾಸ್ತರರು.