ಯಾರ ಮನೆ ಕುಕ್ಕರ್?

ವಾಟರ್ ಫಿಲ್ಟರ್ ರಿಪೇರಿ ನನ್ನ ಕೆಲಸ. ಅವತ್ತು ಜರಗನಹಳ್ಳಿಯ ಒಂದು ಮನೇಲಿ ಅಡುಗೆಮನೆ ಗೋಡೆಗೆ ಡ್ರಿಲ್ ಇಡಬೇಕು, ಅಷ್ಟರಲ್ಲಿ ಆ ಮನೆ ಆಂಟಿ, "ಬಟ್ಟೆ ತಗೊಂಡು ಬರ್ತೀನಪ್ಪ, ಕುಕ್ಕರ್ ಮೂರು ಸಲ ಕೂಗಿದ್ರೆ ಆಫ್ ಮಾಡ್ಬಿಡು," ಅಂತ ಟೆರೇಸಿಗೆ ಹೊರಟೇಬಿಟ್ರು.

ಡ್ರಿಲ್ ಶುರು ಮಾಡಿದ್ರೆ ಕೂಗು ಕೇಳಿಸಲ್ಲ. ಅರೆಕೆರೆ ಕಸ್ಟಮರ್ ಬೇರೆ ಫೋನ್ ಮೇಲೆ ಫೋನ್ ಮಾಡ್ತಿದ್ರು. ಒಳಗೊಳಗೇ ಬೈಕೊಂಡು ಸುಮ್ಮನೆ ನಿಂತೆ. ಮೂರು ಕೂಗಾಯ್ತು, ಆಫ್ ಮಾಡಿದೆ.

ಆಂಟಿ ಬಂದು ವೆಯ್ಟ್ ಎತ್ತಿ ನೋಡಿದ್ರು. ಹಬೆಯೇ ಇಲ್ಲ.

"ಕೂಗಿದ್ದು ಪಕ್ಕದ ಮನೇದು. ನಮ್ದು ಕೂಗಲ್ಲಪ್ಪ, ಕೆಮ್ಮುತ್ತೆ."

"ಮೊದಲೇ ಹೇಳೋದಲ್ವಾ ಆಂಟಿ?"

"ಅದನ್ನೂ ಹೇಳ್ಬೇಕಾ? ಕೇಳಿದ್ರೆ ಗೊತ್ತಾಗಲ್ವಾ?"

ಮತ್ತೆ ಒಲೆ ಹಚ್ಚಿ ಪಕ್ಕದಲ್ಲೇ ನಿಂತ್ರು. ನಾನು ಫೋನ್ ಸೈಲೆಂಟಿಗೆ ಹಾಕಿದೆ. ಗೋಡೆಯಾಚೆ ಒಗ್ಗರಣೆ ಚಟಪಟ ಅಂತು. "ಅವರ ಸಾರು ಆಯ್ತು," ಅಂದ್ರು ಆಂಟಿ. ಬೀದೀಲಿ ಸೊಪ್ಪು ಮಾರೋರು ಕೂಗ್ಕೊಂಡು ಹೋದ್ರು. "ಪಾಪ, ಇವತ್ತು ಗಂಟಲು ಕಟ್ಟಿದೆ," ಅಂದ್ರು. ವರ್ಷಗಟ್ಟಲೆ ಈ ಬೀದಿಗಳಲ್ಲಿ ಓಡಾಡಿದೀನಿ, ನನಗೆ ಡ್ರಿಲ್ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ.

ಆಮೇಲೆ ನಮ್ಮ ಕುಕ್ಕರ್ ಒಂದ್ಸಲ 'ಖೊಕ್' ಅಂತು. ಇಬ್ಬರೂ ಒಟ್ಟಿಗೆ "ಒಂದು" ಅಂದ್ವಿ.

ಅರೆಕೆರೆಯವರು ತುಂಬಾ ಬೈದ್ರು. ಅದನ್ನೂ ಪೂರ್ತಿ ಕೇಳಿಸ್ಕೊಂಡೆ.

ಈಗ ನಮ್ಮನೇಲಿ ಹೆಂಡತಿ, "ಕುಕ್ಕರ್ ಎಷ್ಟು ಸಲ ಕೂಗ್ತುರೀ?" ಅಂತ ಕೇಳಿದ್ರೆ, "ಯಾರ ಮನೇದು?" ಅಂತೀನಿ.